ನವರಂಗ್ ಬಾಲ್ಕನಿಯಲ್ಲಿ ಅಮ್ಮ

ಹೋದ ಭಾನುವಾರ ಅಮ್ಮನನ್ನು ಬೆಂಗಳೂರಿನ ರಾಜಾಜಿನಗರದ ನವರಂಗ್ ಥಿಯೇಟರ್‌ಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಈಗ 81. ಥಿಯೇಟರ್ ಮೆಟ್ಟಿಲು ಹತ್ತಿ ಇಪ್ಪತ್ತು ವರ್ಷವೇ ಆಗಿರಬೇಕು. ಮನೆಯಲ್ಲಿ ವಯಸ್ಸಾದವರಿದ್ದು, ಕರೆದುಕೊಂಡು ಹೋಗೋದಾ ಬೇಡವಾ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಸಿನಿಮಾ ಎಂದು ಹೇಳುವುದಿಲ್ಲ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಟಿಕೆಟ್ ವಿಷಯಕ್ಕೇ ಮೊದಲ ಜಗಳ. ಅಮ್ಮನ ಮಂಡಿನೋವು ನೆನೆದು ನಾನು ಕೆಳಗಿನ ಸೀಟು ತೆಗೆದುಕೊಂಡು ಬಂದಿದ್ದೆ. ಅಮ್ಮ ಕನ್ನಡಕ ಏರಿಸಿ ಟಿಕೆಟ್ ನೋಡಿದಳು.

"ಬಾಲ್ಕನಿ ಅಲ್ವೇನೇ?"

"ಮೆಟ್ಟಿಲಮ್ಮ. ನಿನ್ನ ಕೈಲಿ ಆಗಲ್ಲ."

"ಇಷ್ಟು ವರ್ಷ ಇದೇ ಬಡಾವಣೇಲಿ ಸಂಸಾರ ಮಾಡಿದೀನಿ. ಒಂದು ದಿನನಾದ್ರೂ ಬಾಲ್ಕನಿಲಿ ಕೂತಿದ್ದು ನೋಡಿದೀಯಾ?"

ನೋಡಿಲ್ಲ. ನಿಜಕ್ಕೂ ನೋಡಿಲ್ಲ. ಅಪ್ಪ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿದ್ದರು. ಆ ಜಾಗದಲ್ಲಿ ಈಗ ಒರಾಯನ್ ಮಾಲ್ ಇದೆ, ಅದರೊಳಗೆ ಮಲ್ಟಿಪ್ಲೆಕ್ಸೂ ಇದೆ. ಅಪ್ಪ ಲೇತ್ ಮುಂದೆ ನಿಲ್ಲುತ್ತಿದ್ದ ನೆಲದ ಮೇಲೆ ಜನ ಪಾಪ್‌ಕಾರ್ನ್ ತಿನ್ನುತ್ತಾರೆ. ಆಗ ಅಪ್ಪನ ಸಂಬಳಕ್ಕೆ ಐದು ಜನ ಬಾಲ್ಕನಿಗೆ ಹೋಗುವ ಮಾತೇ ಇರಲಿಲ್ಲ. ಅಮ್ಮನಂತೂ ಅಪ್ಪನನ್ನು ಕಾಯುತ್ತಿರಲಿಲ್ಲ. ನಮ್ಮ ವಠಾರದ ನಾಲ್ಕೈದು ಹೆಂಗಸರು ಸೇರಿ ಮ್ಯಾಟಿನಿಗೆ ಹೋಗುತ್ತಿದ್ದರು. ಹನ್ನೊಂದಕ್ಕೆಲ್ಲ ಅಡುಗೆ ಮುಗಿಯಬೇಕು, ನಲ್ಲಿ ನೀರು ಹಿಡಿದಿರಬೇಕು, ಪಾತ್ರೆ ಬೋರಲು ಹಾಕಿರಬೇಕು. ನಾವು ಸ್ಕೂಲಿಂದ ಬಂದರೆ ಬೀಗದ ಕೈ ಪಕ್ಕದ ಮನೆ ಅಜ್ಜಿಯ ಹತ್ತಿರ. ಸಂಜೆ ಅಮ್ಮ ಸಾರು ಬಿಸಿ ಮಾಡುತ್ತಾ ಕಥೆ ಹೇಳುತ್ತಿದ್ದಳು. ಕೆಲವು ಸಿನಿಮಾ ನಾನು ದೊಡ್ಡವಳಾದ ಮೇಲೆ ನೋಡಿದೆ. ಅಮ್ಮ ಹೇಳಿದ ಕಥೆಯೇ ಚೆನ್ನಾಗಿತ್ತು ಅನ್ನಿಸಿತು.

ಸರಿ, ವಾಪಸ್ ಕೌಂಟರ್‌ಗೆ ಹೋದೆ. ಒಳಗಿದ್ದ ಹುಡುಗ ಅಮ್ಮನನ್ನೂ ನನ್ನನ್ನೂ ಒಂದು ಸಲ ನೋಡಿ, ಮಾತಾಡದೆ ಟಿಕೆಟ್ ಬದಲಾಯಿಸಿ ಕೊಟ್ಟ. ಅದಕ್ಕೇ ಒಂದು ಸ್ಟಾರ್ ಜಾಸ್ತಿ ಕೊಡುತ್ತೇನೆ. ಮಗಳೂ ಸೇರಿ ನಾವು ಮೂವರು. ಐನೂರರ ನೋಟು ಕೊಟ್ಟೆ, ಚಿಲ್ಲರೆ ವಾಪಸ್ ಬಂತು.

ಅಮ್ಮ ಕಂಬಿ ಹಿಡಿದು, ಎರಡು ಕಡೆ ನಿಂತು ಉಸಿರು ತೆಗೆದುಕೊಂಡು ಹತ್ತಿದಳು. ಹಿಂದೆ ಬರುತ್ತಿದ್ದ ಹುಡುಗರು ಶಿಳ್ಳೆ ಹೊಡೆಯುವ ವಯಸ್ಸಿನವರು, ಆದರೂ ತಳ್ಳದೆ ಕಾದರು. ಮೇಲೆ ಹೋಗಿ ಕೂತ ಅಮ್ಮ ಮೊದಲು ಪರದೆ ನೋಡಲಿಲ್ಲ. ಬಗ್ಗಿ ಕೆಳಗೆ ನೋಡಿದಳು. "ನಾವು ಅಲ್ಲಿ ಕೂರ್ತಿದ್ವಿ, ಆ ಮೂಲೇಲಿ. ಹೆಂಗಸರೆಲ್ಲ ಒಂದೇ ಸಾಲು." ಆಮೇಲೆ ಅತ್ತಿತ್ತ ತಿರುಗಿ, "ಬ್ಯಾಟರಿ ಬಿಡೋರು ಯಾರೂ ಇಲ್ವಾ?" ಎಂದು ಕೇಳಿದಳು. ಆಗ ತಡವಾಗಿ ಬಂದವರಿಗೆ ಟಾರ್ಚ್ ಬಿಟ್ಟು ಸೀಟು ತೋರಿಸುತ್ತಿದ್ದರಲ್ಲ, ಅವರು. ಈಗ ಜನ ಮೊಬೈಲ್ ಬೆಳಕಿನಲ್ಲೇ ಹುಡುಕಿಕೊಳ್ಳುತ್ತಾರೆ ಅಂದೆ. ಅಮ್ಮನಿಗೆ ಅದು ಅಷ್ಟು ಸರಿಬರಲಿಲ್ಲ.

ನವರಂಗ್ ನಿರ್ಮಾಪಕ ಕೆ.ಸಿ.ಎನ್. ಗೌಡರ ಮನೆತನದ್ದು. 1971ರಲ್ಲಿ ರಾಜ್‌ಕುಮಾರ್ ಅವರ 'ಕಸ್ತೂರಿ ನಿವಾಸ' ಮಾಡಿದವರು ಇದೇ ಗೌಡರು. ಲಾಲ್‌ಬಾಗ್ ಹತ್ತಿರದ ಊರ್ವಶಿಯೂ ಅವರದೇ. ಅಮ್ಮನ ಲೆಕ್ಕದಲ್ಲಿ ಇದಕ್ಕೆ ಬೇರೆಯೇ ಅರ್ಥ: "ಸಿನಿಮಾ ಮಾಡೋರೇ ಇಟ್ಕೊಂಡಿರೋ ಥಿಯೇಟ್ರು, ಹಾಗಾಗಿ ಉಳೀತು." ಇರಬಹುದು. ಸ್ಯಾಂಕಿ ರಸ್ತೆಯ ಕಾವೇರಿ 1974ರಲ್ಲಿ ಶುರುವಾಗಿ, ಸರಿಯಾಗಿ ಐವತ್ತು ವರ್ಷಕ್ಕೆ, 2024ರಲ್ಲಿ ಮುಚ್ಚಿತು. ಜಯನಗರದಲ್ಲಿ ನಂದಾ ಟಾಕೀಸ್ ಹೋದರೂ ರಸ್ತೆಗೆ ಅದರ ಹೆಸರು ಉಳಿದಿದೆ. ಮೆಜೆಸ್ಟಿಕ್ ಅನ್ನುವ ಹೆಸರೇ ಒಂದು ಥಿಯೇಟರಿನಿಂದ ಬಂದದ್ದು ಎಂದರೆ ನನ್ನ ಮಗಳು ನಂಬಲಿಲ್ಲ. ನಮ್ಮ ಕಡೆ ಕಂಡಕ್ಟರ್ "ನವರಂಗ್, ನವರಂಗ್" ಎಂದು ಕೂಗಿದರೆ, ಇಳಿದವರು ಇವತ್ತಿಗೂ ಸಿನಿಮಾ ನೋಡಬಹುದು.

ಕೆಲವು ವರ್ಷದ ಹಿಂದೆ ಒಳಗೆ ಪೂರ್ತಿ ಹೊಸದು ಮಾಡಿದ್ದಾರೆ. ಚಿತ್ರ ಸ್ವಚ್ಛವಾಗಿದೆ, ಸೀಟು ಮೆತ್ತಗಿದೆ. ಸೌಂಡ್ ಮಾತ್ರ ಎದೆಗೇ ಬಡಿಯುತ್ತದೆ. ಫೈಟ್ ಬಂದಾಗ ಅಮ್ಮ ಹತ್ತಿ ಬೇಕು ಅಂದಳು. ಹತ್ತಿ ಇರಲಿಲ್ಲ, ಮಗಳು ಕರವಸ್ತ್ರದ ತುದಿ ಸುತ್ತಿ ಕೊಟ್ಟಳು. ಒಂದು ಕಾಲದಲ್ಲಿ ಅಣ್ಣ ನನಗೊಂದು ಗುಟ್ಟು ಹೇಳಿಕೊಟ್ಟಿದ್ದ. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿದರೆ ರೀಲ್ ಮುಗಿಯುತ್ತಿದೆ, ಆಪರೇಟರ್ ಎರಡನೇ ಮೆಷಿನ್ ಶುರು ಮಾಡಬೇಕು ಎಂದು. ಆಮೇಲೆ ನಾನು ಸಿನಿಮಾ ಬಿಟ್ಟು ಚುಕ್ಕಿಯನ್ನೇ ಕಾಯುತ್ತಿದ್ದೆ. ಬೇರೊಂದು ಟಾಕೀಸಿನಲ್ಲಿ (ಹೆಸರು ಬೇಡ) ಚುಕ್ಕಿ ಬಂತು, ಮುಂದಿನ ರೀಲ್ ಬರಲಿಲ್ಲ. ಒಂದೇ ಪ್ರಿಂಟನ್ನು ಎರಡು ಕಡೆ ಓಡಿಸುತ್ತಿದ್ದರಂತೆ. ರೀಲಿನ ಡಬ್ಬ ಹೊತ್ತ ಸೈಕಲ್ ಬರುವ ತನಕ ಜನ ಚಪ್ಪಾಳೆ ತಟ್ಟುತ್ತಾ ಕೂತಿದ್ದರು. ಈಗ ಎಲ್ಲ ಡಿಜಿಟಲ್, ಚುಕ್ಕಿಯೂ ಇಲ್ಲ, ಸೈಕಲ್ಲೂ ಇಲ್ಲ. ಆದರೂ ನನ್ನ ಕಣ್ಣು ಆ ಮೂಲೆಗೆ ಹೋಗುವುದು ಬಿಟ್ಟಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಕಾರು ಬೇಡ, ಮೆಟ್ರೋದಲ್ಲಿ ಮಹಾಕವಿ ಕುವೆಂಪು ರಸ್ತೆ ಸ್ಟೇಷನ್‌ನಲ್ಲಿ ಇಳಿಯಿರಿ. ನಡೆಯಲು ಆಗದವರಿಗೆ ಅಲ್ಲಿಂದ ಆಟೋ. ಒಂದು ಶಾಲು ಇಟ್ಟುಕೊಳ್ಳಿ, ಹತ್ತಿ ಮರೆಯಬೇಡಿ. ದೊಡ್ಡ ಹೀರೋ ಸಿನಿಮಾದ ಮೊದಲ ವಾರ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಪೇಪರ್ ಚೂರು, ಶಿಳ್ಳೆ ಎಲ್ಲ ಇರುತ್ತದೆ. ಅದು ಇಷ್ಟವಿರುವವರು ಅದೇ ವಾರ ಹೋಗಿ, ಮಾಲ್‌ನಲ್ಲಿ ಆ ಗಲಾಟೆ ಸಿಗುವುದಿಲ್ಲ. ಇಂಟರ್ವಲ್‌ನಲ್ಲಿ ಅಮ್ಮನನ್ನು ಎಬ್ಬಿಸಿ ಕೆಳಗಿಳಿಸುವ ಬದಲು ಮಗಳೇ ಹೋಗಿ ಕಾಫಿ ತಂದಳು. ಅಮ್ಮ ಬಾಲ್ಕನಿಯಲ್ಲಿ ಕೂತೇ ಕುಡಿದಳು. ಆ ಗತ್ತು ನೋಡಬೇಕಿತ್ತು.

ಸಿನಿಮಾ ಮುಗಿದ ಮೇಲೂ ಅಮ್ಮ ಏಳಲಿಲ್ಲ. ಆಗೆಲ್ಲ ಕೊನೆಗೆ ಜನಗಣಮನ ಬರುತ್ತಿತ್ತು, ಅದಕ್ಕೆ ಕಾಯುತ್ತಿದ್ದಳೋ, ಮಂಡಿ ಹಿಡಿದುಕೊಂಡಿತ್ತೋ. ಕೇಳಿದರೆ ಎರಡೂ ಅಲ್ಲ ಅಂದಳು. ಮೆಟ್ಟಿಲು ಖಾಲಿಯಾಗಲಿ ಎಂದು ಕೂತಿದ್ದಳಂತೆ.

ಆಟೋದಲ್ಲಿ ಸಿನಿಮಾವನ್ನು ಚೆನ್ನಾಗಿ ಬೈದಳು. ಕಥೆ ಇಲ್ಲ, ಬರೀ ಹೊಡೆದಾಟ, ಹೆಂಗಸರಿಗೆ ಮಾತೇ ಇಲ್ಲ. ಮನೆ ಹತ್ತಿರ ಬಂದ ಮೇಲೆ ಕೇಳಿದಳು: "ವಾರದ ದಿನ ಮ್ಯಾಟಿನಿ ಇರುತ್ತಾ? ಇದ್ರೆ ಹೇಳು. ಸಾರು ಬೆಳಗ್ಗೇನೇ ಮಾಡಿಟ್ಟುಬಿಡ್ತೀನಿ."