ಸ್ಪೇಸರ್ ಕೊಳ್ಳಿ, ಆದರೆ ಒಳಗೆ ಬಟ್ಟೆ ಹಾಕಿ ಒರೆಸಬೇಡಿ

ಸ್ಪೇಸರ್ ಅಂದರೆ ಇನ್‌ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಟೊಳ್ಳು ಕೊಳವೆ. ಉಬ್ಬಸಕ್ಕೆ ಪಂಪ್ ಇನ್‌ಹೇಲರ್ ಬಳಸುವ ದೊಡ್ಡವರು ಅದನ್ನು ಮಕ್ಕಳ ಸಾಮಾನು ಅಂದುಕೊಂಡು ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. ಅದನ್ನು ನೋಡಿದರೆ ಬೇಜಾರಾಗುತ್ತದೆ. ಬರೀ ಪಂಪ್ ಒತ್ತಿದರೆ ಔಷಧ ಬರುವ ರಭಸಕ್ಕೆ ಬಹುಪಾಲು ಗಂಟಲಿಗೇ ಬಡಿದು ಅಲ್ಲೇ ಕೂರುತ್ತದೆ. ಆ ತಣ್ಣನೆಯ ಏಟಿಗೆ ಎಷ್ಟೋ ಜನರ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ಸ್ಪೇಸರ್‌ನಲ್ಲಿ ರಭಸ ತಗ್ಗುತ್ತದೆ, ದಪ್ಪ ಹನಿ ಕೊಳವೆಯಲ್ಲೇ ಉಳಿದು ನುಣ್ಣನೆಯದು ಎದೆಗಿಳಿಯುತ್ತದೆ. ಒತ್ತುವುದು, ಎಳೆಯುವುದು ಒಂಚೂರು ಹಿಂದುಮುಂದಾದರೂ ಪಫ್ ದಂಡವಾಗುವುದಿಲ್ಲ.

ಇಷ್ಟೆಲ್ಲ ಇದ್ದೂ ಸಾದಾ ಪ್ಲಾಸ್ಟಿಕ್ಕಿನ ಸ್ಪೇಸರ್ ಮೊದಮೊದಲು ನಿರಾಸೆ ಮಾಡುತ್ತದೆ. ಅದರ ಒಳಗೋಡೆಯಲ್ಲಿ ಸ್ಥಾಯೀ ವಿದ್ಯುತ್ ಇರುತ್ತದೆ, ಔಷಧದ ಕಣಗಳು ಅದಕ್ಕೇ ಅಂಟಿಕೊಳ್ಳುತ್ತವೆ. ಬಟ್ಟೆಯಿಂದ ತಿಕ್ಕಿ ಒರೆಸಿದರೆ ಇನ್ನೂ ಹೆಚ್ಚು. ನನಗೆ ಸಿಕ್ಕ ಡಬ್ಬಿಯಲ್ಲಿ ಇದನ್ನು ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು. ಹಳ್ಳಿಯ ಅಜ್ಜಿ ಓದುವುದು ಹೇಗೆ?

ಬಳಸುವ ಮೊದಲು, ಆಮೇಲೆ ವಾರಕ್ಕೊಮ್ಮೆ ಹೀಗೆ ತೊಳೆಯಿರಿ. ಭಾಗಗಳನ್ನು ಬಿಡಿಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ 15 ನಿಮಿಷ ನೆನೆಸಿಡಿ. ಕೊಳವೆಯನ್ನು ಮೆಲ್ಲಗೆ ಅಲ್ಲಾಡಿಸಿ ತೆಗೆದು ಜಾಡಿಸಿ, ಒಳಗೆ ಮತ್ತೆ ಬರೀ ನೀರು ಹಾಯಿಸಬೇಡಿ. ಉಳಿಯುವ ತೆಳು ಸೋಪಿನ ಪದರವೇ ಆ ವಿದ್ಯುತ್ತನ್ನು ತಡೆಯುವುದು. ಬಾಯಿಗಿಡುವ ತುದಿಯನ್ನು ಮಾತ್ರ ಚೆನ್ನಾಗಿ ತೊಳೆಯಿರಿ. ಆಮೇಲೆ ನಿಲ್ಲಿಸಿಟ್ಟು ತಾನಾಗಿ ಒಣಗಲು ಬಿಡಿ. ಮಲೆನಾಡಿನ ಮಳೆಗಾಲದಲ್ಲಿ ಒಂದಿಡೀ ರಾತ್ರಿ ಬೇಕಾದೀತು, ಹಾಗಾಗಿ ರಾತ್ರಿಯ ಪಫ್ ಮುಗಿಸಿಯೇ ತೊಳೆಯಿರಿ.

ಈ ಕ್ರಮ ರೂಢಿಯಾದ ಮೇಲೆ ಸ್ಪೇಸರ್ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಇನ್‌ಹೇಲರ್ ಚೆನ್ನಾಗಿ ಕುಲುಕಿ ಹಿಂದಿನ ತೂತಿಗೆ ಸಿಕ್ಕಿಸಿ, ನೆಟ್ಟಗೆ ಕೂತು ಉಸಿರು ಪೂರ್ತಿ ಹೊರಗೆ ಬಿಡಿ. ತುದಿಯನ್ನು ತುಟಿಗಳಿಂದ ಬಿಗಿಯಾಗಿ ಹಿಡಿದು ಒಂದೇ ಸಲ ಒತ್ತಿ, ಕೂಡಲೇ ನಿಧಾನವಾಗಿ ಎಳೆಯಿರಿ. ಕವಾಟವಿರುವ ಸ್ಪೇಸರ್ ಆದರೆ ಅದು ಅಲುಗುವುದು ಕಾಣುತ್ತದೆ, ಉಸಿರು ಸರಿಯಾಗಿ ಹೋಗುತ್ತಿದೆ ಅನ್ನುವುದಕ್ಕೆ ಅಷ್ಟು ಸಾಕು. 10 ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೆಯ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ. ಆತುರಕ್ಕೆ ಎರಡನ್ನೂ ಒಟ್ಟಿಗೆ ಒತ್ತಿದರೆ ಎದೆಗೆ ಸಿಗುವುದು ಕಡಿಮೆಯಾಗುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಿರಿ. ಇಲ್ಲವಾದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು, ದನಿ ಒಡೆಯಬಹುದು.

ನೆಗಡಿಯ ಕಫಕ್ಕೆಲ್ಲ ಸಾಲ್ಬುಟಮಾಲ್ ಎಳೆಯಬೇಡಿ, ಅದು ಬಿಗಿದ ಶ್ವಾಸನಾಳ ಸಡಿಲಿಸುವ ಮದ್ದು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಡಾಕ್ಟರನ್ನು ಕಾಣಿ.

ಜೇಬಿಗೆ ಹಿಡಿಸದು, ಬಸ್ಸಿನಲ್ಲಿ ತೆಗೆಯಲು ಮುಜುಗರ, ಎರಡೂ ನಿಜ. ಆದರೂ ಕೆಲವು ನೂರು ರೂಪಾಯಿಗೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಕವಾಟ ಸೆಟೆದುಕೊಂಡರೆ ಅಥವಾ ಕೊಳವೆ ಸೀಳಿದರೆ ಟೇಪು ಸುತ್ತಬೇಡಿ, ಹೊಸದು ತನ್ನಿ.