ಪೈಪಿನ ಟ್ಯಾಪೆಸ್ಟ್ರಿ ಮಗ್ಗ: ವರ್ಷಗಟ್ಟಲೆ ನೇಯ್ದ ಮೇಲೆ ಬರೆದ ವಿಮರ್ಶೆ

ಟ್ಯಾಪೆಸ್ಟ್ರಿ, ಅಂದರೆ ಬಣ್ಣದ ದಾರಗಳಿಂದಲೇ ಚಿತ್ರ ಮೂಡಿಸುವ ಬಟ್ಟೆ, ನೇಯಲು ಮಗ್ಗ ಹುಡುಕುವವರು ಮೊದಲು ಕೇಳುವುದು ಅಗಲ ಎಷ್ಟು, ಮರ ಯಾವುದು, ಮಡಚಿ ಇಡಲು ಬರುತ್ತದೆಯೇ ಎಂದು. ಹಾಸಿನ ಎಳೆಗಳನ್ನು (ಮಗ್ಗಕ್ಕೆ ಮೊದಲೇ ಉದ್ದಕ್ಕೆ ಬಿಗಿದಿಡುವ ದಾರಗಳನ್ನು) ಅದು ಎಷ್ಟು ಬಿಗಿಯಾಗಿ ಹಿಡಿಯುತ್ತದೆ, ನೇಯ್ಗೆಯ ನಡುವೆ ಆ ಬಿಗಿಯನ್ನು ಹೆಚ್ಚುಕಡಿಮೆ ಮಾಡಬಹುದೇ ಎಂದು ಕೇಳುವವರು ಅಪರೂಪ. ಹಲವು ವರ್ಷಗಳಿಂದ ಒಂದೇ ಮಗ್ಗದ ಮುಂದೆ ಕುಳಿತು ನೇಯುತ್ತಿರುವ ನನಗೆ ಈ ಎರಡು ಪ್ರಶ್ನೆಗಳೇ ಮುಖ್ಯವಾಗಿ ಕಾಣುತ್ತವೆ. ಇವಕ್ಕೆ ಸರಿಯಾದ ಉತ್ತರ ಕೊಡುವ ಮಗ್ಗದಲ್ಲಿ ಉಳಿದ ಕೊರತೆಗಳನ್ನು ಸಹಿಸಿಕೊಳ್ಳಬಹುದು. ಇವೆರಡೂ ಇಲ್ಲದಿದ್ದರೆ ಎಷ್ಟೇ ಅಂದವಾದ ಮಗ್ಗವೂ ಮೂಲೆ ಸೇರುತ್ತದೆ.

ನನ್ನದು ಸತು ಲೇಪಿಸಿದ ಕಬ್ಬಿಣದ ಪೈಪುಗಳನ್ನು ಜೋಡಿಸಿ ಮಾಡಿದ, ನೆಟ್ಟಗೆ ನಿಲ್ಲುವ ಚೌಕಟ್ಟು. ಮೇಲೊಂದು, ಕೆಳಗೊಂದು ಅಡ್ಡ ಪೈಪು. ಎರಡೂ ಬದಿಗೆ ಕಂಬಗಳು. ಕಂಬಗಳ ಒಳಗೆ ಥ್ರೆಡ್ (ತಿರುಪಿನ ಸುತ್ತುಗೆರೆ) ಇರುವ ಸರಳು, ಅದರ ಮೇಲೊಂದು ದಪ್ಪ ನಟ್. ನಟ್ ತಿರುಗಿಸಿದಂತೆ ಮೇಲಿನ ಪೈಪು ಕೂದಲೆಳೆಯಷ್ಟು ಮೇಲೇರುತ್ತದೆ, ಹಾಸು ಅಷ್ಟೇ ಬಿಗಿಯುತ್ತದೆ. ಇಂಥ ಮಗ್ಗವನ್ನು ಅನೇಕ ನೇಕಾರರಿಗೆ ಪರಿಚಯಿಸಿದವರು ಸ್ಕಾಟ್ಲೆಂಡಿನ ಆರ್ಚಿ ಬ್ರೆನ್ನನ್ (1931–2019). ಎಡಿನ್‌ಬರೊದ ಡವ್‌ಕಾಟ್ ಟ್ಯಾಪೆಸ್ಟ್ರಿ ಕಾರ್ಯಾಗಾರವನ್ನು ಮುನ್ನಡೆಸಿದ್ದ ಅವರು, ನಳದ ಕೆಲಸಕ್ಕೆ ಬಳಸುವ ಸಾಮಾನ್ಯ ಪೈಪಿನಿಂದಲೂ ಗಂಭೀರವಾದ ನೇಯ್ಗೆಗೆ ಒದಗುವ ಮಗ್ಗ ಮಾಡಬಹುದೆಂದು ತೋರಿಸಿಕೊಟ್ಟರು. ನನ್ನ ಮಗ್ಗದ ನೇಯುವ ಅಗಲ 24 ಅಂಗುಲ. ಈ ವಿನ್ಯಾಸದ ಮಗ್ಗಗಳನ್ನು ಹಲವರು ತಯಾರಿಸುತ್ತಾರೆ, ತಾವೇ ಜೋಡಿಸಿಕೊಳ್ಳುವವರೂ ಇದ್ದಾರೆ. ಹಾಗಾಗಿ ತಯಾರಕರ ಹೆಸರನ್ನು ಬಿಟ್ಟು ವಿನ್ಯಾಸದ ಬಗ್ಗೆಯೇ ಬರೆಯುತ್ತೇನೆ.

ಬಿಗಿಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸಾಮಾನ್ಯ ಬಟ್ಟೆಯಲ್ಲಿ ಹಾಸು, ಅದಕ್ಕೆ ಅಡ್ಡಲಾಗಿ ಹಾಯಿಸುವ ಹೊಕ್ಕು ಎರಡೂ ಬಾಗಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಎರಡೂ ಕಣ್ಣಿಗೆ ಕಾಣುತ್ತವೆ. ಟ್ಯಾಪೆಸ್ಟ್ರಿಯಲ್ಲಿ ಹಾಸು ಕಾಣಲೇಬಾರದು. ಅದು ನೇರವಾಗಿ ನಿಲ್ಲಬೇಕು, ಬಾಗುವ ಕೆಲಸವನ್ನೆಲ್ಲ ಹೊಕ್ಕು ಮಾಡಬೇಕು. ಆಗ ಮಾತ್ರ ಹಣಿಗೆಯಿಂದ ಬಡಿದಾಗ ಉಣ್ಣೆಯ ಹೊಕ್ಕು ಕೆಳಗಿಳಿದು ಒತ್ತಾಗಿ ಕೂತು ಹಾಸನ್ನು ಪೂರ್ತಿಯಾಗಿ ಮುಚ್ಚುತ್ತದೆ. ಎಳೆ ಸಡಿಲವಾದರೆ ಅದೂ ಬಾಗತೊಡಗುತ್ತದೆ; ಹೊಕ್ಕು ಕೆಳಗಿಳಿಯುವುದಿಲ್ಲ; ಬಣ್ಣದ ನಡುವೆ ಹಾಸಿನ ಬಿಳಿ ಚುಕ್ಕಿಗಳು ಇಣುಕುತ್ತವೆ. ಬಡಿತ ಸಾಲದೆಂದು ಹೊಸಬರು ಇನ್ನಷ್ಟು ಜೋರಾಗಿ ಬಡಿಯುತ್ತಾರೆ. ಬೇಕಿರುವುದು ನಟ್‌ಗೆ ಇನ್ನೊಂದು ಸುತ್ತು, ಅಷ್ಟೇ.

ಈ ಬಿಗಿ ಚೌಕಟ್ಟಿನ ಮೇಲೆ ಹೇರುವ ಹೊರೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಅಂಗುಲಕ್ಕೆ 8 ಎಳೆಯಂತೆ 24 ಅಂಗುಲಕ್ಕೆ 192 ಎಳೆಗಳು. ಎಳೆಯೊಂದಕ್ಕೆ ಒಂದು ಕಿಲೋದಷ್ಟು ಎಳೆತವೆಂದುಕೊಂಡರೂ ಅಡ್ಡ ಪೈಪಿನ ಮೇಲೆ 192 ಕಿಲೋ ಬೀಳುತ್ತದೆ. ತೆಳುವಾದ ಮರದ ಪಟ್ಟಿ ಇದನ್ನು ತಾಳಲಾರದೆ ನಡುವೆ ಬಾಗುತ್ತದೆ. ಆಗ ನಡುವಿನ ಎಳೆಗಳು ಸಡಿಲವಾಗಿ, ಅಂಚಿನವು ಬಿಗಿಯಾಗಿಯೇ ಉಳಿದು, ಒಂದೇ ಬಟ್ಟೆಯಲ್ಲಿ ಎರಡು ಬಗೆಯ ನೇಯ್ಗೆ ಮೂಡುತ್ತದೆ. ನನ್ನ ಮಗ್ಗದ ಪೈಪು ಇಷ್ಟು ಕಾಲವಾದರೂ ಬಾಗಿಲ್ಲ. ಆದರೆ ಅದೇ ದಪ್ಪದ ಪೈಪನ್ನು 36 ಅಂಗುಲಕ್ಕೆ ಹಾಕಿದ್ದ ಮಗ್ಗದಲ್ಲೂ ನೇಯ್ದಿದ್ದೇನೆ. ಅಲ್ಲಿ ನಡುವಿನ ಎಳೆಗಳನ್ನು ಮುಟ್ಟಿದರೆ ಸಾಕು, ವ್ಯತ್ಯಾಸ ತಿಳಿಯುತ್ತಿತ್ತು. ಅಗಲ ಹೆಚ್ಚಿದಂತೆ ಪೈಪಿನ ದಪ್ಪವೂ ಹೆಚ್ಚಬೇಕು. ದೊಡ್ಡ ಅಳತೆಯನ್ನು ಆಸೆಯಿಂದ ಆರಿಸಿಕೊಳ್ಳುವವರು ಇದನ್ನು ಮರೆಯಬಾರದು.

ಮೊಳೆ ಹೊಡೆದ ಮರದ ಚೌಕಟ್ಟನ್ನು ನಾನು ಹೀಗಳೆಯುವುದಿಲ್ಲ. ಅಂಗೈಯಗಲದ ಮಾದರಿಗಳನ್ನು ನೇಯಲು, ಕೈ ಪಳಗಿಸಿಕೊಳ್ಳಲು ಅದು ಸಾಕು, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಮೊಳೆಗಳ ಅಂತರವೇ ಎಳೆಗಳ ಅಂತರವಾಗಿಬಿಡುವುದು ಅದರ ಮೊದಲ ಮಿತಿ. ಎರಡನೆಯದು ಇದಕ್ಕಿಂತ ದೊಡ್ಡದು: ಹತ್ತಿಯ ಹಾಸು ಹಿಗ್ಗಿ ಸಡಿಲವಾದರೆ ಬಿಗಿಸುವ ದಾರಿಯಿಲ್ಲ, ನೇಯ್ಗೆ ಮೇಲೇರಿ ಉಳಿದ ಎಳೆಗಳ ನಡುವೆ ಬೆರಳು ತೂರದಂತಾದಾಗ ಸಡಿಲಿಸುವ ದಾರಿಯೂ ಇಲ್ಲ. ಮೇಜಿನ ಮೇಲಿಡುವ, ಎಳೆಗಳನ್ನು ಒಂದು ಹಲಗೆಯ ಸೀಳುಗಳಲ್ಲಿ ಪೋಣಿಸಿ ಮೇಲೆ ಕೆಳಗೆ ಮಾಡುವ ಸಣ್ಣ ಮಗ್ಗಗಳು ಶಾಲು, ಕೈವಸ್ತ್ರಗಳಿಗೆ ಒಳ್ಳೆಯವು. ಟ್ಯಾಪೆಸ್ಟ್ರಿಗೆ ಮಾತ್ರ ಅವನ್ನು ಶಿಫಾರಸು ಮಾಡಲಾರೆ. ಅವುಗಳ ಹಗುರವಾದ ಚೌಕಟ್ಟು ಇಷ್ಟೊಂದು ಬಿಗಿಯನ್ನು ಬಯಸಿ ಮಾಡಿದ್ದಲ್ಲ. ಅಲ್ಲದೆ ಆ ಹಲಗೆ ಇಡೀ ಅಗಲವನ್ನು ಒಟ್ಟಿಗೆ ಬಡಿಯುತ್ತದೆ. ಚಿತ್ರನೇಯ್ಗೆ ಬೆಳೆಯುವುದು ಸಾಲುಸಾಲಾಗಿ ಅಲ್ಲ, ಆಕಾರ ಆಕಾರವಾಗಿ.

ಫ್ರಾನ್ಸಿನ ದೊಡ್ಡ ಕಾರ್ಯಾಗಾರಗಳಲ್ಲಿ ಎರಡು ಪದ್ಧತಿಗಳಿವೆ. 1662ರಲ್ಲಿ ರಾಜಾಶ್ರಯದ ಕಾರ್ಯಾಗಾರವಾದ ಪ್ಯಾರಿಸ್ಸಿನ ಗೋಬೆಲಿನ್ಸ್ ಹೆಸರಾಗಿರುವುದು ನೆಟ್ಟನೆಯ ಮಗ್ಗಕ್ಕೆ. ಅಲ್ಲಿ ನೇಕಾರರು ಬಟ್ಟೆಯ ಹಿಂಬದಿಯಲ್ಲಿ ಕುಳಿತು ನೇಯುತ್ತಾ, ಮುಂಬದಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ. ಓಬ್ಯುಸೋನ್ ಊರಿನವರು ಮಲಗಿಸಿದ ಹಾಸಿನ ಮಗ್ಗದಲ್ಲಿ, ಮೂಲಚಿತ್ರವನ್ನು ಎಳೆಗಳ ಕೆಳಗಿಟ್ಟು ನೇಯುತ್ತಾರೆ. ಓಬ್ಯುಸೋನಿನ ಈ ಕಲೆ 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಮಲಗಿದ ಮಗ್ಗದಲ್ಲಿ ಕಾಲಿನ ಹಲಗೆಗಳನ್ನು ತುಳಿದು ಎಳೆಗಳನ್ನು ತೆರೆಯಬಹುದಾದ್ದರಿಂದ ಎರಡೂ ಕೈಗಳು ಬಿಡುವಾಗಿರುತ್ತವೆ, ವೇಗ ಹೆಚ್ಚು. ಆ ಸುಖ ನನ್ನ ಮಗ್ಗದಲ್ಲಿಲ್ಲ. ಆದರೆ ನೇಯುತ್ತಲೇ ಹಿಂದೆ ಸರಿದು ಚಿತ್ರವನ್ನು ದೂರದಿಂದ ನೋಡುವ ಅವಕಾಶ ನೆಟ್ಟನೆಯ ಮಗ್ಗದಲ್ಲಿ ಮಾತ್ರ ಇದೆ, ಅದನ್ನು ನಾನು ಯಾವ ವೇಗಕ್ಕೂ ಬಿಟ್ಟುಕೊಡುವುದಿಲ್ಲ.

ಎಳೆಗಳನ್ನು ತೆರೆಯುವ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನನ್ನ ಮಗ್ಗದಲ್ಲಿ ಮುಂದಿನ ಮತ್ತು ಹಿಂದಿನ ಎಳೆಗಳ ನಡುವೆ ಹೊಕ್ಕು ಹಾಯಲು ಒಂದು ಸಂದು ಸದಾ ತೆರೆದಿರುತ್ತದೆ, ಅಡ್ಡಕೋಲೊಂದು ಅದನ್ನು ಹಿಡಿದಿಡುತ್ತದೆ. ಎದುರು ಸಂದಿಗಾಗಿ ಹಿಂದಿನ ಪ್ರತಿಯೊಂದು ಎಳೆಗೂ ದಾರದ ಕುಣಿಕೆ ಕಟ್ಟಿ, ಕುಣಿಕೆಗಳನ್ನು ಮೇಲಿನ ಕೋಲಿಗೆ ಬಿಗಿದಿರುತ್ತದೆ. ಬೇಕಾದ ಕಡೆಯ ಕುಣಿಕೆಗಳನ್ನಷ್ಟೇ ಎಡಗೈಯಲ್ಲಿ ಎಳೆದು, ಬಲಗೈಯಿಂದ ಹೊಕ್ಕನ್ನು ಹಾಯಿಸುವುದು. ಇದೇ ಬಗೆಯ ಕೆಲವು ಮಗ್ಗಗಳಿಗೆ ಹಿಡಿಕೆ ತಿರುಗಿಸಿದರೆ ಇಡೀ ಅಗಲ ಒಮ್ಮೆಲೇ ತೆರೆದುಕೊಳ್ಳುವ ಸಾಧನವಿರುತ್ತದೆ. ಅಗಲವಾದ ಒಂದೇ ಬಣ್ಣದ ಪಟ್ಟಿ ನೇಯುವಾಗ ಅದು ತುಂಬ ಅನುಕೂಲ. ನಾಲ್ಕೈದು ಎಳೆಗಳಷ್ಟೇ ಅಗಲದ ಎಲೆಯನ್ನೋ ಕಣ್ಣನ್ನೋ ನೇಯುವಾಗ ಅದರ ಉಪಯೋಗ ಅಷ್ಟಿಲ್ಲ, ಕುಣಿಕೆಯೇ ಹಿತ. ಕುಣಿಕೆ ಕಟ್ಟುವುದು ಬೇಸರದ ಕೆಲಸವೆಂಬುದು ನಿಜ. ಎಲ್ಲವೂ ಒಂದೇ ಉದ್ದಕ್ಕೆ ಬರದಿದ್ದರೆ ಕೆಲವು ಎಳೆಗಳು ಪೂರ್ತಿ ಮುಂದೆ ಬರುವುದಿಲ್ಲ, ಹೊಕ್ಕು ತಪ್ಪಿ ಅವುಗಳ ಹಿಂದೆ ಹೋಗುತ್ತದೆ. ಆದ್ದರಿಂದ ಅಳತೆಗೊಂದು ಪಟ್ಟಿ ಇಟ್ಟುಕೊಂಡೇ ಕಟ್ಟಿ.

ಇಷ್ಟು ವರ್ಷಗಳ ಬಳಕೆಯಲ್ಲಿ ಏನೇನು ಸವೆಯಿತು? ಕುಣಿಕೆಯ ದಾರಗಳು ಆಗಾಗ ಹರಿಯುತ್ತವೆ, ಅವು ಹರಿಯಲೆಂದೇ ಇರುವಂಥವು. ಒಂದು ಸರಳಿನ ಥ್ರೆಡ್ ಸವೆದು ನಟ್ ಜಾರತೊಡಗಿದಾಗ ಬದಲಾಯಿಸಿದೆ; ಸಾಮಾನ್ಯ ಅಳತೆಯದ್ದಾದ್ದರಿಂದ ಹುಡುಕಾಟ ಬೇಕಾಗಲಿಲ್ಲ. ಬರಿಯ ಪೈಪಿಗೆ ತಗಲಿದ ಹಾಸಿನ ಮೇಲೆ ಬೂದು ಬಣ್ಣದ ಕಲೆ ಕೂರುತ್ತದೆ, ಎಳೆಗಳು ಜಾರುತ್ತವೆ ಕೂಡ. ಎರಡೂ ಅಡ್ಡ ಪೈಪುಗಳಿಗೆ ಬಟ್ಟೆಯ ಪಟ್ಟಿ ಸುತ್ತಿದ ಮೇಲೆ ಎರಡು ತೊಂದರೆಗಳೂ ನಿಂತವು. ಮಗ್ಗದೊಂದಿಗೆ ಬಂದಿದ್ದ ಕಾಲುಗಳು ಮಾತ್ರ ನಿಜಕ್ಕೂ ಕಳಪೆ: ಬಡಿದಾಗಲೆಲ್ಲ ಮಗ್ಗ ಅಲುಗುತ್ತಿತ್ತು. ಈಗ ಅದನ್ನು ಗೋಡೆಗೆ ಒರಗಿಸಿ, ಮೇಲ್ತುದಿಯನ್ನು ಕೊಕ್ಕೆಗೆ ಕಟ್ಟಿ ಬಳಸುತ್ತೇನೆ.

ಹಾಸಿನ ಎಳೆಗಳಿಗೆ ಗಟ್ಟಿಯಾಗಿ ಹುರಿ ಮಾಡಿದ ಹತ್ತಿಯ ದಾರವೇ ನನ್ನ ಆಯ್ಕೆ, ಅಂಗುಲಕ್ಕೆ 8 ಎಳೆ ಹಾಕುವಾಗ 12/9 ಅಳತೆಯದು (12ನೇ ನಂಬರಿನ ಒಂಬತ್ತು ನೂಲುಗಳನ್ನು ಸೇರಿಸಿ ಹುರಿ ಮಾಡಿದ್ದು). ಮೀನಿನ ಬಲೆಗೆ ಬಳಸುವ ದಾರದ ಜಾತಿಯಿದು; ಅಷ್ಟು ಸುಲಭವಾಗಿ ತುಂಡಾಗುವುದಿಲ್ಲ. ಲಿನನ್ ಹಿಗ್ಗುವುದು ತೀರ ಕಡಿಮೆ, ನೋಟಕ್ಕೂ ಸೊಗಸು. ಆದರೆ ಹಾಸು ಹಾಕುವಾಗ ಒಂದೊಂದು ಎಳೆಯ ಬಿಗಿಯೂ ಸಮವಾಗಿರಬೇಕೆಂದು ಹಟ ಹಿಡಿಯುತ್ತದೆ. ಹತ್ತಿಯಷ್ಟು ಕ್ಷಮಾಗುಣ ಅದಕ್ಕಿಲ್ಲ. ಹೊಕ್ಕಿಗೆ ಉದ್ದ ಎಳೆಯ, ಹೊಳಪಿರುವ ಉಣ್ಣೆ ಬೇಕು. ಮೆತ್ತನೆಯ ಸ್ವೆಟರ್ ಉಣ್ಣೆ ಬಡಿತಕ್ಕೆ ನುಜ್ಜಾಗಿ ಬಟ್ಟೆಗೆ ಗಟ್ಟಿತನ ಬರುವುದಿಲ್ಲ. ಒಂದು ದಪ್ಪ ದಾರಕ್ಕಿಂತ ಮೂರು ನಾಲ್ಕು ತೆಳು ದಾರಗಳನ್ನು ಸೇರಿಸಿ ಬಳಸುವುದು ಲೇಸು. ಅದರಲ್ಲಿ ಒಂದು ದಾರದ ಬಣ್ಣ ಬದಲಿಸಿದರೆ ಸಾಕು, ನೀಲಿ ನಿಧಾನವಾಗಿ ಹಸಿರಿಗೆ ತಿರುಗುತ್ತದೆ. ಹಾಸು ಹಾಕಿ ಮುಗಿದ ಮೇಲೆ ಅಂಗೈಯನ್ನು ಎಳೆಗಳ ಮೇಲೆ ಅಡ್ಡಲಾಗಿ ಸವರಿ. ವಾದ್ಯದ ತಂತಿಗಳಂತೆ ಎಲ್ಲವೂ ಒಂದೇ ಪ್ರತಿರೋಧ ಕೊಡಬೇಕು. ಒಂದು ರಾತ್ರಿ ಹಾಗೆಯೇ ಬಿಟ್ಟು, ಮರುದಿನ ಮತ್ತೆ ಬಿಗಿಸಿ ನೇಯ್ಗೆ ಆರಂಭಿಸುವುದು ನನ್ನ ರೂಢಿ.

ಕಲಿಯುವವರಿಗೆ ಮೊದಲ ಪರೀಕ್ಷೆ ಅಂಚು. ಹೊಕ್ಕನ್ನು ನೇರವಾಗಿ ಎಳೆದು ಬಡಿದರೆ ಎಳೆಗಳನ್ನು ಸುತ್ತಿಬರಲು ಅದಕ್ಕೆ ಉದ್ದ ಸಾಲದೆ, ಅಂಚುಗಳನ್ನು ಒಳಕ್ಕೆ ಸೆಳೆಯುತ್ತದೆ. ಚೌಕವಾಗಿ ಶುರುವಾದ ಬಟ್ಟೆಗೆ ಸೊಂಟ ಬರುತ್ತದೆ. ಸಂದಿನಲ್ಲಿ ಹಾಯಿಸಿದ ಹೊಕ್ಕನ್ನು ಸಣ್ಣ ಸಣ್ಣ ಕಮಾನುಗಳಾಗಿ ಬಿಟ್ಟು, ಕಮಾನುಗಳ ಬುಡವನ್ನು ಬೆರಳಿನಿಂದ ಒತ್ತಿ, ಆಮೇಲೆ ಬಡಿಯಬೇಕು. ಕಮಾನು ಅತಿಯಾದರೆ ಮೇಲ್ಮೈಯಲ್ಲಿ ಕುಣಿಕೆಗಳು ಉಬ್ಬುತ್ತವೆ. ಸರಿಯಾದ ಎತ್ತರ ಎಷ್ಟೆಂದು ಬರೆದು ಹೇಳಲಾಗದು, ಅದು ಉಣ್ಣೆಯಿಂದ ಉಣ್ಣೆಗೆ ಬೇರೆ. ಅಗಲವನ್ನು ಆಗಾಗ ಅಳೆಯುತ್ತಿರಿ, ಕಣ್ಣನ್ನು ನಂಬಬೇಡಿ.

ಎರಡನೆಯ ಪಾಠ ಹೊಕ್ಕುಗಳ ದಿಕ್ಕು. ಅಕ್ಕಪಕ್ಕದ ಎರಡು ಬಣ್ಣಗಳು ಒಂದೇ ಸಂದಿನಲ್ಲಿ ಎದುರುಬದುರಾಗಿ ಸಾಗಬೇಕು: ಒಂದು ಸಾಲಿನಲ್ಲಿ ಹತ್ತಿರ ಬಂದು ಸೇರಿದರೆ ಮುಂದಿನ ಸಾಲಿನಲ್ಲಿ ದೂರ ಸರಿಯಬೇಕು. ಈ ಕ್ರಮವಿದ್ದರೆ ಗಡಿಯನ್ನು ಯಾವ ಎಳೆಗೆ ಸರಿಸಿದರೂ ಮೇಲೆ ಕೆಳಗಿನ ಲೆಕ್ಕ ತಪ್ಪುವುದಿಲ್ಲ. ಎರಡೂ ಒಂದೇ ದಿಕ್ಕಿಗೆ ಓಡಿದರೆ ಗಡಿ ಸರಿದಾಗ ಎರಡು ಹೊಕ್ಕುಗಳು ಒಂದೇ ಎಳೆಯ ಮೇಲೆ ಬೀಳುತ್ತವೆ, ಇಲ್ಲವೇ ನಡುವೆ ಎಳೆಯೊಂದು ಬರಿದಾಗಿ ಉಳಿಯುತ್ತದೆ. ಪುಸ್ತಕಗಳು ಇದನ್ನು ನಡುವಿನ ಅಧ್ಯಾಯದಲ್ಲಿ ಇಡುತ್ತವೆ. ನನ್ನನ್ನು ಕೇಳಿದರೆ ಮೊದಲ ವಾರದಲ್ಲೇ ಕಲಿಯಬೇಕು.

ಗಡಿ ಒಂದೇ ಎಳೆಯ ಗುಂಟ ಮೇಲೇರುತ್ತ ಹೋದರೆ ಅಲ್ಲಿ ಸೀಳು ಉಳಿಯುತ್ತದೆ. ಗಿಡ್ಡ ಸೀಳುಗಳು ಚಿತ್ರಕ್ಕೆ ಚೂಪಾದ ಗೆರೆ ಕೊಡುತ್ತವೆ, ಉದ್ದವಾದವನ್ನು ಗಟ್ಟಿ ದಾರದಿಂದ ಹೊಲಿಯಬೇಕು. ಅಥವಾ ಎರಡೂ ಬಣ್ಣಗಳ ಹೊಕ್ಕುಗಳನ್ನು ನಡುವೆ ಕೊಂಡಿ ಹಾಕಿ ನೇಯಬಹುದು, ಗೆರೆ ಸ್ವಲ್ಪ ಮಸುಕಾಗುತ್ತದೆ. ಮೂಲಚಿತ್ರವನ್ನೇ ಅಡ್ಡಲಾಗಿ ತಿರುಗಿಸಿ ನೇಯುವುದು ಇನ್ನೊಂದು ಉಪಾಯ: ನೆಟ್ಟನೆಯ ಗೆರೆಗಳೆಲ್ಲ ಮಲಗುತ್ತವೆ, ಸೀಳುಗಳು ಕಡಿಮೆಯಾಗುತ್ತವೆ. ಮಧ್ಯಯುಗದ ಯುರೋಪಿನ ಅನೇಕ ಟ್ಯಾಪೆಸ್ಟ್ರಿಗಳು ಹೀಗೆ ಪಕ್ಕಕ್ಕೆ ಮಲಗಿಯೇ ಹುಟ್ಟಿದವು. ಬಣ್ಣದಿಂದ ಬಣ್ಣಕ್ಕೆ ನೆರಳು ಜಾರಿಸಲು ಒಂದರ ಚೂಪು ನಾಲಗೆಗಳನ್ನು ಇನ್ನೊಂದರೊಳಗೆ ಚಾಚುವ ವಿಧಾನವೂ ಅಷ್ಟೇ ಹಳೆಯದು; ಅದನ್ನು ಕಲಿತ ಮೇಲೆ ಮುಖ, ಬಟ್ಟೆಯ ಮಡಿಕೆ, ಸಂಜೆಯ ಆಕಾಶ ಎಲ್ಲವೂ ಕೈಗೆಟುಕುತ್ತವೆ.

ಆಕಾರ ಕಟ್ಟುವ ಕ್ರಮದಲ್ಲಿ ಈ ಮಗ್ಗದ ಬೆಲೆ ಚೆನ್ನಾಗಿ ತಿಳಿಯುತ್ತದೆ. ಮೇಲೆ ಹೋದಂತೆ ಕಿರಿದಾಗುವ ಬೆಟ್ಟವನ್ನು ಮೊದಲೇ ನೇಯ್ದು ಮುಗಿಸಬಹುದು. ಮೇಲೆ ಹೋದಂತೆ ಅಗಲವಾಗುವ ಕಣಿವೆಯನ್ನು, ಎರಡೂ ಬದಿಯ ಬೆಟ್ಟಗಳು ಎದ್ದ ಮೇಲಷ್ಟೇ ತುಂಬಬಹುದು, ಏಕೆಂದರೆ ಚಾಚಿದ ಹೊಕ್ಕಿನ ಕೆಳಗೆ ಇನ್ನೊಂದನ್ನು ಬಡಿಯಲಾಗದು. ಕುಣಿಕೆ ಎಳೆದು ಬೇಕಾದಷ್ಟೇ ಎಳೆ ತೆರೆಯುವ, ಕೈಹಣಿಗೆಯಿಂದ ಬೇಕಾದಲ್ಲಷ್ಟೇ ಬಡಿಯುವ ಮಗ್ಗ ಈ ಸ್ವಾತಂತ್ರ್ಯವನ್ನು ಪೂರ್ತಿಯಾಗಿ ಕೊಡುತ್ತದೆ. ಮೂಲಚಿತ್ರದ ಗೆರೆಗಳನ್ನು ಅಳಿಯದ ಶಾಯಿಯಿಂದ ಹಾಸಿನ ಮೇಲೆ ಗುರುತಿಸುವಾಗ ಪ್ರತಿ ಎಳೆಯ ಸುತ್ತಲೂ ಚುಕ್ಕಿ ಇಡಿ, ಎಳೆ ಹೊರಳಿದರೂ ಗುರುತು ಕಾಣುತ್ತದೆ. ಅಂಗುಲಕ್ಕೆ 8 ಎಳೆಯಲ್ಲಿ ಬೆರಳಗಲಕ್ಕಿಂತ ಚಿಕ್ಕ ವೃತ್ತ ವೃತ್ತವಾಗಿ ಕಾಣುವುದಿಲ್ಲ. ಚಿತ್ರದಲ್ಲಿ ಸಣ್ಣ ವಿವರ ಬೇಕಿದ್ದರೆ ಎಳೆಗಳನ್ನು ಒತ್ತಾಗಿ ಹಾಕಿ, ತೆಳುವಾದ ಹಾಸು ಬಳಸಿ. ಇಲ್ಲವೇ ಚಿತ್ರವನ್ನು ದೊಡ್ಡದು ಮಾಡಿ.

ನೆಲಹಾಸು ನೇಯುವ ಉದ್ದೇಶವಿರುವವರಿಗೆ ಈ ಮಗ್ಗ ಸಾಲದು, ಉರುಳುದಿಮ್ಮಿಗಳಿರುವ ಭಾರದ ಮಗ್ಗವೇ ಬೇಕು. ಹಾಸನ್ನು ಎರಡೂ ಪೈಪುಗಳ ಸುತ್ತ ಬಳಸಿ ಹಾಕಿದ್ದರೆ, ನಟ್ ಸಡಿಲಿಸಿ ನೇಯ್ದ ಭಾಗವನ್ನು ಹಿಂದಕ್ಕೆ ಜಾರಿಸಿಕೊಳ್ಳಬಹುದು. ಮಗ್ಗದ ಎತ್ತರದ ಇಮ್ಮಡಿಗೆ ಹತ್ತಿರದ ಉದ್ದ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು ಇದರಿಂದಾಗದು. ಗೋಡೆಗೆ ತೂಗುವ ಚಿತ್ರ ನೇಯಬೇಕೆನ್ನುವವರು ಧೈರ್ಯವಾಗಿ ಕೊಳ್ಳಿ. ಬೇರೊಬ್ಬರು ಬಳಸಿದ್ದನ್ನು ಕೊಳ್ಳುವುದಾದರೆ, ನಟ್ಟುಗಳನ್ನು ಸರಳಿನ ಈ ತುದಿಯಿಂದ ಆ ತುದಿಯವರೆಗೂ ತಿರುಗಿಸಿ ನೋಡಿ, ಅಡ್ಡ ಪೈಪಿನ ಗುಂಟ ದಾರ ಬಿಗಿಹಿಡಿದು ಬಾಗಿದೆಯೇ ಪರೀಕ್ಷಿಸಿ, ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಆ ಎರಡು ಅಳತೆಗಳು ಸಮವಾಗಿ ಬರದಿದ್ದರೆ, ಜೋಡಣೆ ಬಿಚ್ಚಿ ಸರಿಪಡಿಸಿದ ಮೇಲೂ ಬರದಿದ್ದರೆ, ಬೇಡವೆಂದುಬಿಡಿ.