ಸಂಜೆ ಪಾಠಕ್ಕೆ ಯಾರು: ಎನ್‌ಎಸ್‌ಎಸ್‌ ವಿದ್ಯಾರ್ಥಿಗಳೋ, ನಿವೃತ್ತರೋ?

ಹುಬ್ಬಳ್ಳಿ-ಧಾರವಾಡದಲ್ಲಿ ಓಣಿಯ ಮಕ್ಕಳಿಗೆ ಸಂಜೆ ಪಾಠ ನಡೆಸುವವರಿಗೆ ಸ್ವಯಂಸೇವಕರಾಗಿ ಕಾಲೇಜು ವಿದ್ಯಾರ್ಥಿಗಳೂ ಸಿಗುತ್ತಾರೆ, ನಿವೃತ್ತ ಶಿಕ್ಷಕರು, ರೈಲ್ವೆ ನೌಕರರೂ ಸಿಗುತ್ತಾರೆ.

ವಿದ್ಯಾರ್ಥಿಗಳು ಬೇಗ, ಗುಂಪಾಗಿಯೇ ಬರುತ್ತಾರೆ. ಎನ್‌ಎಸ್‌ಎಸ್‌ನಲ್ಲಿ (ರಾಷ್ಟ್ರೀಯ ಸೇವಾ ಯೋಜನೆ) ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಕಾಲೇಜಿನಲ್ಲಿ ಈ ಯೋಜನೆ ನೋಡಿಕೊಳ್ಳುವ ಕಾರ್ಯಕ್ರಮಾಧಿಕಾರಿಗೆ ಮೊದಲೇ ಪತ್ರ ಕೊಡಿ, ಗಂಟೆಗಳನ್ನು ಅಂದಂದೇ ಬರೆದು ಸಹಿ ಹಾಕಿ. ಆದರೆ ಸೆಮಿಸ್ಟರ್ ಪರೀಕ್ಷೆ ಬಂದರೆ ಎಲ್ಲರೂ ಒಟ್ಟಿಗೇ ಬಿಡುತ್ತಾರೆ.

ನಿವೃತ್ತರು ಕರಪತ್ರ ನೋಡಿ ಬರುವುದು ಕಡಿಮೆ. ಮನೆಗೆ ಹೋಗಿ, ಚಹಾ ಕುಡಿಯುತ್ತ ಕೇಳಬೇಕು. “ಯಾವಾಗರೆ ಬರ್ರಿ ಸರ” ಅಂದರೆ ಕೆಲಸ ಕೆಟ್ಟಿತು. “ಮಂಗಳವಾರ, ಶುಕ್ರವಾರ ಐದರಿಂದ ಆರು, ಏಳನೇತ್ತೆ ಗಣಿತ, ನಾಲ್ಕು ಮಕ್ಕಳು” ಎಂದು ಖಚಿತವಾಗಿ ಹೇಳಿ. ಬೆನ್ನಿಗೆ ಆನಿಕೆಯಿರುವ ಕುರ್ಚಿ, ಒಳ್ಳೆಯ ಬೆಳಕು, ನೆಲಮಹಡಿಯ ಕೋಣೆ ಬೇಕು. ಅವರು ಬಿಡುವುದು ಹೆಚ್ಚಾಗಿ ದಣಿವಿನಿಂದಲ್ಲ. ಆಟೋ ಹಿಡಿದು ಬಂದಾಗ ಮಕ್ಕಳೇ ಇಲ್ಲದಿದ್ದರೆ, ಅದನ್ನು ಮೊದಲೇ ಯಾರೂ ತಿಳಿಸದಿದ್ದರೆ ಮನಸ್ಸು ಮುರಿಯುತ್ತದೆ. ರಜೆಯಿದ್ದರೆ ಮಧ್ಯಾಹ್ನದೊಳಗೆ ಫೋನ್ ಮಾಡಿ.

ಓದಲು ತಡವರಿಸುವ ಮಗುವಿಗೆ ವಾರವಾರ ಅದೇ ಮುಖ ಕಾಣಬೇಕು. ಅಲ್ಲಿ ನಿವೃತ್ತರೇ ಮೇಲು. ಮನೆಮನೆ ಸಮೀಕ್ಷೆ, ಪುಸ್ತಕ ಸಂಗ್ರಹದಂಥ ಒಂದೆರಡು ದಿನದ ಓಡಾಟಕ್ಕೆ ವಿದ್ಯಾರ್ಥಿಗಳನ್ನೇ ಕರೆಯಿರಿ.